ರವಿವಾರ ಹನ್ನೊಂದಕ್ಕ ಕಲಬುರಗ್ಯಾಗ ಗೆಳತಿಯರು ಎಲ್ಲಿ ಕೂಡಬೇಕು?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಬೆಂಗಳೂರಿನ ವೀಕೆಂಡ್ ಬ್ರಂಚ್ (ನಾಷ್ಟಾ ಊಟ ಎರಡೂ ಕೂಡಿಸಿ ಹೊತ್ತೇರಿದ ಮ್ಯಾಲ ತಿನ್ನೋದು) ಜಾಗಗಳ ಬಗ್ಗೆ ನಿಮ್ಮ ಪುರವಣ್ಯಾಗ ಆಗಾಗ ಬರಹ ಬರ್ತಿರ್ತಾವ, ಎಲ್ಲಿ ಪ್ಯಾನ್‌ಕೇಕ್ ಛಲೋ ಅದ, ಎಲ್ಲಿ ಬಫೆ ದೊಡ್ಡದು, ಎಲ್ಲಿ ಫೋಟೋ ಚಂದ ಬರ್ತಾವ ಅಂತ. ನಾ ಅವನ್ನ ಬಿಡದಂಗ ಓದ್ತೀನಿ, ಓದಿ ಅಂಥಾ ಕಡೆ ಹೋಗೂ ಬಂದೀನಿ, ಯಾಕಂದ್ರ ನಮ್ಮ ಡಿಗ್ರಿ ಕ್ಲಾಸಿನ ಗೆಳತಿಯರೊಳಗ ಅರ್ಧ ಮಂದಿ ಈಗ ಬೆಂಗಳೂರಾಗ ನೌಕರಿ ಮಾಡ್ತಾರ, ಇನ್ನ ಕೆಲವರು ಹೈದರಾಬಾದಿನಾಗ, ಉಳದವರು ನಾವು ಇಲ್ಲೇ ಕಲಬುರಗ್ಯಾಗ ಬ್ಯಾಂಕು, ಕಾಲೇಜು, ದವಾಖಾನಿ ಅಂತ ದುಡಕೊಂಡು ಇದ್ದೀವಿ. ಹಿಂಗಾಗಿ ಎಲ್ಲರೂ ಕೂಡೋದಂದ್ರ ಬೆಂಗಳೂರಿಗೇ ಹೋಗಿ ಕೂಡೋದು, ಅದೂ ರವಿವಾರ, ಅದೂ ಹತ್ತೂವರಿ ಮ್ಯಾಲ. ಆ ಬರಹಗಳ ಮ್ಯಾಲ ನನ್ನದು ತಕರಾರು ಏನಿಲ್ಲ. ನಾ ಕೇಳೋದು ಇಷ್ಟೇ, ಅಂಥಾ ಒಂದು ಜಾಗ ನಮ್ಮೂರಾಗ ಯಾಕಿಲ್ಲ, ಅದನ್ನ ಮಾಡ್ಲಾಕ ಬೇಕಾದ ಸಾಮಾನು ಎಲ್ಲಾ ನಮ್ಮ ಕಡೇನೇ ಇದ್ರೂ ಯಾಕಿಲ್ಲ?

ಮೊದಲ ಬೆಂಗಳೂರಿನ ಮಾತು ಹೇಳ್ತೀನಿ. ಹೋಗೋದು ರಾತ್ರಿ ರೈಲಿಗೇ. 2024ರ ಮಾರ್ಚ್‌ನಿಂದ ವಂದೇ ಭಾರತ್ ಅದ, ಖರೇ, ಆದ್ರ ಅದು ಮುಂಜಾನಿ ಇಲ್ಲಿ ಬಿಟ್ಟು ಮಧ್ಯಾಹ್ನ ಮುಟ್ಟಸ್ತದ, ನಮ್ಮ ಕೆಲಸಕ್ಕ ಅದು ನಡಿಯಂಗಿಲ್ಲ. ಶನಿವಾರ ರಾತ್ರಿ ಹತ್ತಿ ಬೆಳಿಗ್ಗಿ ಇಳದು, ಗೆಳತಿ ಫ್ಲ್ಯಾಟಿನಾಗ ಸ್ನಾನ ಮುಗಿಸಿ ಹೊಂಟ್ವಿ ಅಂದ್ರ ಅಲ್ಲಿಂದ ಶುರು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕ ಹೋಗೀವಿ, 1943ರಿಂದ ನಡದು ಬಂದ ಹೋಟೆಲು, ರವಿವಾರ ಹೊರಗ ಹೆಸರು ಹೇಳಿ ಕಾಯಬೇಕು, ಸಪ್ಲೈ ಮಾಡೋರು ಕೈತುಂಬ ದೋಸಿ ಪ್ಲೇಟ್ ಒಂದರ ಮ್ಯಾಲೊಂದು ಜೋಡಸ್ಕೊಂಡು ಬರೋದು ನೋಡಿದ್ರ ಕಾಯ್ದದ್ದು ಮರತೇ ಹೋಗ್ತದ. ದೋಸಿ ಅಂದ್ರ ಅದೇ ನೋಡ್ರಿ. ಆದ್ರ ಅಲ್ಲಿ ಕೂತು ಹರಟಿ ಹೊಡ್ಯಾಕ ಆಗಂಗಿಲ್ಲ, ಬಾಗಲದಾಗ ಮುದುಕರು ಮಕ್ಕಳು ನಿಂತಿರ್ತಾರ, ತಿಂದು ಏಳೋದೇ ಅಲ್ಲಿ ಮರ್ಯಾದಿ. ಲಾಲ್‌ಬಾಗ್ ರಸ್ತೆದ ಎಂಟಿಆರ್, 1924ರದ್ದು, ಅಲ್ಲೂ ಹಂಗೇ. ಅವು ತಿನ್ನೋ ಜಾಗ, ಕೂಡೋ ಜಾಗ ಅಲ್ಲ, ಅದು ಅವುಗಳ ತಪ್ಪೂ ಅಲ್ಲ.

ಕೂಡೋ ಜಾಗ ಅಂದ್ರ ಸೇಂಟ್ ಮಾರ್ಕ್ಸ್ ರಸ್ತೆದ ಕೋಶೀಸ್. 1940ರಾಗ ಶುರುವಾದದ್ದು ಅಂತಾರ. ಅಲ್ಲಿ ಒಂದು ಕಾಫಿ ಹೇಳಿ, ಆಮ್ಯಾಲ ಅಪ್ಪಂ ಸ್ಟ್ಯೂ ಹೇಳಿ, ಮತ್ತೊಂದು ಕಾಫಿ ಹೇಳಿ ಎರಡು ತಾಸು ಕೂತ್ರೂ ಯಾರೂ ಬಂದು ಮುಖ ನೋಡಂಗಿಲ್ಲ. ಪಕ್ಕದ ಟೇಬಲ್ ಮ್ಯಾಲ ವಯಸ್ಸಾದವರು ಪೇಪರ್ ಹರವಿಕೊಂಡು ಕೂತಿರ್ತಾರ, ಇನ್ನೊಂದರಾಗ ಕಾಲೇಜು ಹುಡುಗರು, ಯಾರಿಗೂ ಅವಸರ ಇಲ್ಲ. ಲ್ಯಾವೆಲ್ ರಸ್ತೆದ ಏರ್‌ಲೈನ್ಸ್ ಹೋಟೆಲೂ ಹಂಗೇ, ದೊಡ್ಡ ಗಿಡಗಳ ನೆರಳಾಗ ಟೇಬಲ್, ಇಡ್ಲಿ ವಡಾ ಕಾಫಿ, ಬಿಲ್ಲೂ ಕಮ್ಮಿ. ನನಗ ಕೇಳಿದ್ರ ನಾವು ಅಡ್ಡಾಡಿದ ಎಲ್ಲಾದರಾಗ ಮನಸ್ಸಿಗೆ ಹತ್ತಿದ್ದು ಈ ಎರಡೇ.

ಇಂದಿರಾನಗರ ಕೋರಮಂಗಲದ ಕೆಫೆಗಳದ್ದು ಬ್ಯಾರೇ ಲೆಕ್ಕ. ಸೋರ್‌ಡೋ ಬ್ರೆಡ್ ಮ್ಯಾಲ ಆವಕಾಡೊ, ಮೊಟ್ಟಿದು ನಾನಾ ನಮೂನಿ, ವಾಫಲ್, ಒಂದೊಂದು ಪ್ಲೇಟ್ ನಾಕುನೂರು ಐನೂರು, ರುಚಿ ಇರ್ತದ ಇಲ್ಲಂತ ಅಲ್ಲ, ಗೆಳತಿಯರೊಳಗ ಒಬ್ಬಾಕಿ ಅಂತೂ ಅದನ್ನ ಬಿಟ್ಟು ಬ್ಯಾರೆ ತಿನ್ನಂಗಿಲ್ಲ. ಪಂಚತಾರಾ ಹೋಟೆಲಿನ ಸಂಡೇ ಬ್ರಂಚ್ ಬಫೆಗೂ ಹೋಗೀವಿ, ಒಬ್ಬಾಕಿಗೆ ಪ್ರಮೋಷನ್ ಆದಾಗ, ತಲಿಗೆ ಮೂರು ಸಾವಿರ ದಾಟ್ತು. ಅಲ್ಲಿ ಇನ್ನೊಂದು ಗೊತ್ತಿರಲಿ, ರೂಂ ಬಾಡಿಗಿ ದಿನಕ್ಕ 7,500 ರೂಪಾಯಿ ದಾಟೋ ಹೋಟೆಲಿನೊಳಗಿನ ರೆಸ್ಟೋರೆಂಟಿಗೆ ಜಿಎಸ್‌ಟಿ ಶೇಕಡಾ 18, ಹೊರಗಿನ ಸಾದಾ ಹೋಟೆಲಿಗೆ ಶೇಕಡಾ 5, ಹಿಂಗಾಗಿ ಮೆನುದಾಗ ಬರದ ರೇಟೇ ಬ್ಯಾರೆ ಕೊಡೋ ರೇಟೇ ಬ್ಯಾರೆ. ಬಿಲ್ಲಿನಾಗ ಸರ್ವಿಸ್ ಚಾರ್ಜ್ ಅಂತ ಹಾಕಿದ್ರ ಅದು ಕೊಡೋದು ನಮ್ಮ ಖುಷಿ, ಕಡ್ಡಾಯ ಅಲ್ಲ, 2022ರಾಗೇ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹಂಗ ಹೇಳ್ಯಾದ, 2025ರ ಮಾರ್ಚಿನಾಗ ದಿಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡದದ. ಕಲಬುರಗಿಯಿಂದ ಹೋಗೋ ನಮ್ಮ ಹುಡುಗ ಹುಡುಗಿಯರು ನಾಚಕೊಂಡು ಸುಮ್ನ ಕೊಟ್ಟು ಬರ್ತಾರ, ತಗದುಹಾಕ್ರಿ ಅಂತ ಕೇಳ್ಲಾಕ ಹಕ್ಕು ಅದ ಅಂತ ಇಲ್ಲಿ ಬರದೀನಿ.

ಈ ಎಲ್ಲಾ ತಿರುಗಾಟದಾಗ ನನಗ ತಿಳದದ್ದು ಏನಂದ್ರ, ನಮ್ಮ ಬೆಂಗಳೂರು ಗೆಳತಿಯರು ಅಷ್ಟು ರೊಕ್ಕ ಕೊಡೋದು ತಿನ್ನೋದಕ್ಕಲ್ಲ. ಪಿಜಿಯೊಳಗ ಇರೋರಿಗೆ ಗೆಸ್ಟ್ ಕರ್ಯಾಕ ಬಿಡಂಗಿಲ್ಲ, ಫ್ಲ್ಯಾಟಿನಾಗ ನಾಕು ಮಂದಿ ಹಂಚಿಕೊಂಡು ಇರೋರಿಗೆ ಹಾಲ್‌ನಾಗೇ ಒಬ್ಬರ ಹಾಸಗಿ ಇರ್ತದ, ವಾರ ಪೂರ್ತಿ ಟ್ರಾಫಿಕ್‌ನಾಗ ಹೋಗ್ತದ. ಅವರಿಗೆ ರವಿವಾರದ ಆ ಟೇಬಲ್ಲೇ ಪಡಸಾಲಿ. ಎರಡು ಮೂರು ತಾಸು ಆ ಪಡಸಾಲಿ ಬಾಡಿಗಿಗೆ ತಗೋತಾರ, ಮ್ಯಾಲ ಆಮ್ಲೆಟ್ ಬರ್ತದ, ಅಷ್ಟೇ. 1895ರಾಗ ಇಂಗ್ಲೆಂಡಿನ ಗೈ ಬೆರಿಂಗರ್ ಅನ್ನೋರು ಹಂಟರ್ಸ್ ವೀಕ್ಲಿ ಅನ್ನೋ ಪತ್ರಿಕೆದಾಗ ಈ ಬ್ರಂಚ್ ಪದ್ಧತಿ ಬೇಕು ಅಂತ ವಾದ ಮಾಡಿ ಬರದಿದ್ರಂತ, ರವಿವಾರ ಚರ್ಚಿನಿಂದ ಬಂದು ಭಾರೀ ಊಟ ಮಾಡೋ ಬದ್ಲಿ, ತಡ ಮಾಡಿ ಎದ್ದು, ಚಹಾ ಕಾಫಿಯಿಂದ ಶುರು ಮಾಡಿ ಹಗೂರಕ ಊಟಕ್ಕ ಹೋದ್ರ ಮಂದಿ ಖುಷಿಯಿಂದ ಇರ್ತಾರ, ಮಾತಾಡ್ತಾರ ಅಂತ. ನೋಡ್ರಿ, ಆವಾಗಿನಿಂದಾನೂ ಅದರ ಮುಖ್ಯ ಸಾಮಾನು ಮಾತೇ.

ಹೈದರಾಬಾದಿಗೆ ಹೋದ್ರ ಇನ್ನೂ ಹತ್ರದ ಅನುಭವ. 1948ರ ಸೆಪ್ಟೆಂಬರ್ 17ರ ತನಕ ನಾವೂ ನಿಜಾಮನ ರಾಜ್ಯದಾಗೇ ಇದ್ದವರು, ಅಲ್ಲಿನ ನಾಲಿಗಿ ನಮ್ಮ ನಾಲಿಗಿ ಭಾಳ ದೂರ ಇಲ್ಲ. ಚಾರ್‌ಮಿನಾರ್ ಹತ್ರ ನಿಮ್ರಾ ಕೆಫೆದಾಗ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕಿಟ್, ಹಳೇ ಊರಾಗ ಖಿಚಡಿ ಖೀಮಾ ಖಟ್ಟಾ, ನಿಹಾರಿ, ಇವೆಲ್ಲಾ ಮುಂಜಾನಿಯಿಂದ ಹೊತ್ತೇರೋ ತನಕ ತಿಂತಾನೇ ಇರ್ತಾರ. ಅವರು ಅದಕ್ಕ ಹೆಸರಿಡಲಿಲ್ಲ, ರವಿವಾರ ಅಂದ್ರ ಹಂಗೇ.

ಈಗ ನಮ್ಮೂರು. ಕಲಬುರಗ್ಯಾಗ ನಾಷ್ಟಾ ಹತ್ತೂವರಿಗೆ ಮುಗಿತದ, ಸುಸಲಾ (ನೆನಸಿದ ಮಂಡಕ್ಕಿ ಒಗ್ಗರಣಿ) ಮಿರ್ಚಿ ಖಾಲಿ, ಇಡ್ಲಿ ಖಾಲಿ, ಪೂರಿ ಎಣ್ಣಿ ಇಳಿಸಿರ್ತಾರ. ಊಟ ಶುರು ಆಗೋದು ಹನ್ನೆರಡೂವರಿಗೆ. ನಡಕ ಎರಡು ತಾಸು ಹೋಟೆಲು ತೊಳಿತಿರ್ತಾರ, ಹೋದ್ರ ಚಹಾ ಅಷ್ಟೇ ಅದ ಅಂತಾರ, ಕುರ್ಚಿ ಟೇಬಲ್ ಮ್ಯಾಲ ತಲಿಕೆಳಗ ಕೂತಿರ್ತಾವ. ಖಾನಾವಳಿ ಊಟ ನಮ್ಮದು ದೇಶಕ್ಕೇ ತೋರಿಸೋವಂಥಾದ್ದು, ಆದ್ರ ಅದು ಕೆಲಸದ ಮ್ಯಾಲ ಬಂದ ಗಂಡಸರು ಇಪ್ಪತ್ತು ನಿಮಿಷದಾಗ ಉಂಡು ಏಳೋ ಪದ್ಧತಿಗೆ ಕಟ್ಟಿದ್ದು. ಹೆಣ್ಮಕ್ಕಳು ಐದಾರು ಮಂದಿ ಹೋದ್ರ ಫ್ಯಾಮಿಲಿ ರೂಂ ಅಂತ ಒಳಗ ಒಂದು ಪರದಾದ ಹಿಂದ ಕೂಡಸ್ತಾರ, ಅಲ್ಲಿ ಫ್ಯಾನ್ ಇದ್ರ ಲೈಟ್ ಇಲ್ಲ, ಲೈಟ್ ಇದ್ರ ಕಿಟಕಿ ಇಲ್ಲ. ಹಿಂದೊಮ್ಮೆ ಒಂದು ಹೋಟೆಲಿನಾಗ, ಹೆಸರು ಬ್ಯಾಡ, ನಾವಿನ್ನೂ ಮಜ್ಜಿಗಿ ಕುಡಿತಿದ್ವಿ, ಬಿಲ್ ತಂದಿಟ್ಟು ಟೇಬಲ್ ಒರಸ್ಲಾಕ ಶುರು ಮಾಡಿದ್ರು. ಹೊರಗ ಜಾಗ ಖಾಲೀನೇ ಇತ್ತು. ಆ ಹುಡುಗನ ತಪ್ಪಲ್ಲ ಅದು, ಅವನಿಗೆ ಕಲಿಸಿದ್ದೇ ಹಂಗ, ಹೆಣ್ಮಕ್ಕಳು ಸುಮ್ನ ಕೂತು ನಗತಿದ್ರ ಊಟ ಮುಗದದ ಅಂತ ತಿಳ್ಕೊಳ್ಳೋದು.

ಮನ್ಯಾಗ ಕೂಡ್ರಿ ಅಂತಾರ ಕೆಲವರು. ಮನ್ಯಾಗ ಕೂಡೋದು ಅಂದ್ರ ಏನು ಅಂತ ಹೆಣ್ಮಕ್ಕಳಿಗೆ ಕೇಳ್ರಿ. ರವಿವಾರ ಮನಿ ಮಂದಿ ಎಲ್ಲಾ ಮನ್ಯಾಗ ಇರ್ತಾರ, ವಾರದಾಗ ಅತೀ ಹೆಚ್ಚು ಅಡಗಿ ಆಗೋದೇ ಅವತ್ತು, ನಾವು ಗೆಳತಿ ಮನಿಗೆ ಹೋದ್ರ ಆಕಿ ರೊಟ್ಟಿ ಬಡಕೋತ ಒಳಗ, ನಾವು ಆಕಿ ಅತ್ತಿ ಮಾವನ ಮುಂದ ಹೊರಗ ಕುರ್ಚಿ ಮ್ಯಾಲ, ಕಡೀಕ ಎಲ್ಲರೂ ಅಡಗಿಮನಿಗೇ ಹೋಗಿ ನಿಂತು ಕೈಜೋಡಸೋದು, ಆಕಿ ನಮ್ಮ ಜೋಡಿ ಕೂತು ಉಂಡದ್ದು ನಾ ನೋಡೇ ಇಲ್ಲ. ಊಟ ಹೊರಗಿಂದ ಬಂದಾಗ ಅಷ್ಟೇ ನಾವೆಲ್ಲರೂ ಒಂದೇ ಟೈಮಿಗೆ ಕೂತು ತಿನ್ಲಾಕ ಆಗೋದು.

ಇನ್ನೊಂದು ಮಾತು. 2023ರ ಜೂನಿನಿಂದ ಶಕ್ತಿ ಯೋಜನಾ ಬಂದ ಮ್ಯಾಲ ಆಳಂದ, ಚಿತ್ತಾಪುರ, ಸೇಡಂ, ಜೇವರ್ಗಿ ಕಡೆಯಿಂದ ಹೆಣ್ಮಕ್ಕಳು ರವಿವಾರ ಊರಿಗೆ ಬರೋದು ಎಷ್ಟೋ ಹಗೂರ ಆಗ್ಯಾದ. ನಮ್ಮದೇ ಕಲ್ಯಾಣ ಕರ್ನಾಟಕ ಸಾರಿಗಿ ಬಸ್ಸಿನಾಗ ಟಿಕೆಟ್ ಇಲ್ಲದ ಬರ್ತಾರ, ಶರಣಬಸವೇಶ್ವರ ಗುಡಿಗೆ ಹೋಗ್ತಾರ, ಬಂದೇ ನವಾಜ್ ದರ್ಗಾಕ್ಕ ಹೋಗ್ತಾರ, ಬುದ್ಧ ವಿಹಾರ ನೋಡ್ತಾರ, ಸೂಪರ್ ಮಾರ್ಕೆಟ್‌ನಾಗ ಬಳಿ ಸೀರಿ ನೋಡ್ತಾರ, ಆಮ್ಯಾಲ? ಅಪ್ಪನ ಕೆರಿ ದಂಡಿಗೆ ಕಟ್ಟಿ ಮ್ಯಾಲ ಕೂತು ಕಟಗೊಂಡು ಬಂದ ಬುತ್ತಿ ಬಿಚ್ಚತಾರ, ಇಲ್ಲಾ ಬಸ್ ಸ್ಟ್ಯಾಂಡ್‌ನಾಗ. ಬಸ್ಸು ಫ್ರೀ ಆತು, ಇಳದ ಮ್ಯಾಲ ಕೂಡ್ಲಾಕ ಒಂದು ಸ್ವಚ್ಛ ಜಾಗ, ಒಂದು ಸ್ವಚ್ಛ ಶೌಚಾಲಯ ಇಲ್ಲ. ಬ್ರಂಚ್ ಅಂದ್ರ ಶ್ರೀಮಂತರ ಖಯಾಲಿ ಅಂತ ಬರೀಲಾಕ ಹೊಂಟವರು ಇವರನ್ನೂ ಜರಾ ನೆನಸಬೇಕು.

ಹಂಗಂತ ಹೊತ್ತೇರಿದ ಮ್ಯಾಲ ಗುಂಪು ಕೂಡಿ ನಿಧಾನಕ್ಕ ಉಣ್ಣೋದು ನಮಗ ಹೊಸದೇನ್ರಿ? ಎಳ್ಳ ಅಮಾಸಿ ದಿನ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆದಾಗ ಊರು ಖಾಲಿ ಆಗ್ತದ, ಎಲ್ಲಾರೂ ಹೊಲದಾಗ. ಹಿಂದಿನ ದಿನಾನೇ ಮನ್ಯಾಗ ಸಜ್ಜಿ ರೊಟ್ಟಿ, ಸಜ್ಜಿ ಕಡಬು, ಶೇಂಗಾ ಹೋಳಿಗಿ, ಎಳ್ಳ ಹೋಳಿಗಿ ಎಲ್ಲಾ ಮಾಡಿ ಇಟ್ಟಿರ್ತಾರ, ಭಜ್ಜಿಗಿ ಅಂತೂ ಸಿಕ್ಕ ಸೊಪ್ಪು, ಹಸಿ ತೊಗರಿ ಕಾಳು, ಹಸಿ ಕಡ್ಲಿ, ಅವರಿ, ಬದನಿಕಾಯಿ, ಗಜ್ಜರಿ ಎಲ್ಲಾ ಬೀಳ್ತಾವ, ಅದು ಕುದಿಯೋ ವಾಸನಿ ಓಣಿ ತುಂಬ ಇರ್ತದ. ಮುಂಜಾನಿ ಹಿಂದಿನವರು ಗಾಡಿ ಕಟಗೊಂಡು ಹೋಗ್ತಿದ್ರು, ಈಗ ಟ್ರ್ಯಾಕ್ಟರು, ಆಟೋ, ಕಾರು, ಏನರ ಆಗ್ಲಿ. ಬನ್ನಿ ಗಿಡದ ಬುಡಕ ಐದು ಕಲ್ಲಿಟ್ಟು ಪೂಜಿ, ಹೊಲದ ಸುತ್ತ ಚರಗ (ಭೂಮಿತಾಯಿಗೆ ಎಡಿ) ಚೆಲ್ಲೋದು, ಆಮ್ಯಾಲ ಜ್ವಾಳದ ನಡಕ ಜಮಖಾನಿ ಹಾಸಿ ಕೂತ್ರ ಹನ್ನೊಂದಕ್ಕ ಶುರು ಆದ ಊಟ ಯಾವಾಗ ಮುಗಿತದೋ ಯಾರಿಗೂ ಗೊತ್ತಿಲ್ಲ. ಹೊಲ ಇಲ್ಲದವರನ್ನ ಹೊಲ ಇದ್ದವರು ಕರೀತಾರ, ಮಾಸ್ತರನ್ನ, ಪೋಸ್ಟ್‌ಮ್ಯಾನನ್ನ, ಬ್ಯಾಂಕಿನಾಗಿನ ಬ್ಯಾರೆ ರಾಜ್ಯದ ಹುಡುಗರನ್ನ, ಬ್ಯಾರೆ ಧರ್ಮದವರನ್ನ, ಯಾರೂ ಲೆಕ್ಕ ಇಡಂಗಿಲ್ಲ. ಅಂಬಲಿ ಕುಡದು ಗಿಡದ ನೆರಳಾಗ ಅಡ್ಡಾಗಿ ಮತ್ತ ಎದ್ದು ಭಜ್ಜಿ ತಿನ್ನೋದು. ಬೆಂಗಳೂರಿನ ಪಂಚತಾರಾ ಬಫೆದಾಗ ಕೂತಾಗ ನನ್ನ ಬಾಜೂ ಇದ್ದ ಗೆಳತಿ ಇದನ್ನೇ ನೆನೆಸಿದ್ಳು, ಆಕಿ ಊರು ಅಫಜಲಪುರದ ಕಡೆ. ವರ್ಷಕ್ಕೊಮ್ಮೆ ಇಷ್ಟು ಚಂದ ಮಾಡೋ ಮಂದಿಗೆ ವಾರಕ್ಕೊಮ್ಮೆ ಊರಾಗ ಸಣ್ಣದಾಗಿ ಮಾಡ್ಲಾಕ ಏನು ಕಷ್ಟ?

ಅದಕ್ಕ ನಮ್ಮ ಖಾನಾವಳಿ ಮಾಲಕರಿಗೆ ನಿಮ್ಮ ಪತ್ರಿಕೆ ಮೂಲಕ ಕೇಳಿಕೊಳ್ಳೋದು, ರವಿವಾರ ಹತ್ತೂವರಿಯಿಂದ ಒಂದೂವರಿ ತನಕ ಟೇಬಲ್ ಬಿಟ್ಟುಕೊಡ್ರಿ. ಹನ್ನೆರಡೂವರಿ ತನಕ ನಿಮ್ಮ ಟೇಬಲ್ ಹೆಂಗೂ ಖಾಲಿ ಇರ್ತಾವ, ಒಲಿ ಹೆಂಗೂ ಹಚ್ಚಿರ್ತೀರಿ. ಪಾಸ್ತಾ ಪಿಜ್ಜಾ ಮಾಡ್ಲಾಕ ಹೋಗಬ್ಯಾಡ್ರಿ, ಅದು ಇಲ್ಲಿ ಬ್ಯಾರೆ ಕಡೆ ಸಿಗ್ತದ. ಸುಸಲಾ ಮಿರ್ಚಿ ಭಜಿಯಿಂದ ಶುರು ಮಾಡ್ರಿ, ಚಹಾ ಕೊಡ್ರಿ, ತಾಸು ಬಿಟ್ಟು ಬಿಸಿ ರೊಟ್ಟಿ, ಪುಂಡಿ ಪಲ್ಯ, ಎಣ್ಣಿಗಾಯಿ, ಝುಣಕ, ಶೇಂಗಾ ಹಿಂಡಿ, ಕೆನಿ ಮೊಸರು, ಹಸಿ ಉಳ್ಳಾಗಡ್ಡಿ, ಕಡೀಕ ಮಾಲ್ದಿಗೆ ತುಪ್ಪ. ಮಾಂಸ ತಿನ್ನೋರಿಗೆ ನಮ್ಮ ಕಲಬುರಗಿ ತಹರಿ (ಮಾಂಸ ಹಾಕಿ ಮಾಡೋ ಅನ್ನ) ಅದ, ಅದನ್ನ ತಿನ್ಲಾಕ ಹೈದರಾಬಾದಿನವರೂ ಇಲ್ಲಿಗೆ ಬರಬೇಕು ಹಂಗ ಮಾಡೋ ಕೈ ಇಲ್ಲಿ ಅವ. ಸೀಸನ್ ನೋಡ್ಕೊಂಡು ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ, ಸಂಕ್ರಾಂತಿ ಸುತ್ತ ಸೀತನಿ (ಸುಟ್ಟ ಹಸಿ ಜ್ವಾಳದ ತೆನಿ). ನಮ್ಮ ತೊಗರಿ ಬ್ಯಾಳಿಗೆ 2019ರಾಗ ಜಿಐ ಟ್ಯಾಗ್ (ಇದು ಈ ನೆಲದ್ದೇ ಅನ್ನೋ ಸರ್ಕಾರಿ ಗುರುತು) ಸಿಕ್ಕದ, ನೆಲದಾಗಿನ ಸುಣ್ಣದ ಅಂಶದಿಂದ ಅದಕ್ಕ ಆ ರುಚಿ ಅಂತಾರ, ಆದ್ರ ಹೊರಗಿಂದ ಬಂದವರಿಗೆ ಆ ಬ್ಯಾಳಿ ಸಾರು ಕೂಡಿಸಿ ಉಣಸೋ ಒಂದು ಚಂದನ ಜಾಗ ಯಾವುದು ಅಂತ ಕೇಳಿದ್ರ ನಾವು ತಡವರಸ್ತೀವಿ.

ಇದರಾಗ ಒಂದು ಖರೇ ತೊಂದರಿ ಅದ, ಅದನ್ನ ಬಿಟ್ಟು ಮಾತಾಡಬಾರದು. ಜ್ವಾಳದ ಹಿಟ್ಟಿಗೆ ಗೋಧಿಯಂಗ ಅಂಟು ಇಲ್ಲ, ಕುದಿಯೋ ನೀರು ಹಾಕಿ ನಾದಿ ಆಗಿಂದಾಗ ಬಡೀಬೇಕು, ನಾದಿ ಇಟ್ರ ಬಿರೀತದ, ಮಷೀನಿಗೆ ಕೈ ರುಚಿ ಬರಂಗಿಲ್ಲ. ಹಿಂಗಾರಿ ಮಾಲ್ದಂಡಿ ಜ್ವಾಳ ಇದ್ರ ರೊಟ್ಟಿ ಮೆತ್ತಗ ಬರ್ತದ, ಆದ್ರೂ ಒಂದೊಂದು ರೊಟ್ಟಿಗೂ ಒಬ್ಬಾಕಿ ರಟ್ಟಿ ಬೇಕು. ಹಿಂಗಾಗಿ ಹೆಚ್ಚು ಹೊತ್ತು ಬಿಸಿ ರೊಟ್ಟಿ ಕೊಡೋದು ಅಂದ್ರ ಒಲಿ ಮುಂದ ಕೂತ ಹೆಣ್ಮಗಳಿಗೆ ಹೆಚ್ಚು ಕೂಲಿ ಕೊಡೋದು. ಕೊಡ್ರಿ. ನಮ್ಮ ಕಡೆಯಿಂದ ತಗೋರಿ. ಬೆಂಗಳೂರಾಗ ಒಂದು ಟೋಸ್ಟಿಗೆ ನಾಕುನೂರು ಕೊಟ್ಟು ಬರೋ ನಾವು ಇಲ್ಲಿ ತಲಿಗೆ ಇನ್ನೂರು ಇನ್ನೂರೈವತ್ತು ಕೊಟ್ಟು ಎರಡು ತಾಸು ಕೂಡ್ಲಾಕ ತಯಾರಿದ್ದೀವಿ, ಅದರಾಗ ಆಕಿ ಪಾಲು ಇರಲಿ. ಒಬ್ಬರು ಕೂಡೋದಕ್ಕ ಇನ್ನೊಬ್ಬಾಕಿ ಸೊಂಟ ಹೋಗೋದು ಬ್ಯಾಡ. ಜಿಲ್ಲಾಡಳಿತ ಕಲಬುರಗಿ ರೊಟ್ಟಿ ಅಂತ ಬ್ರ್ಯಾಂಡ್ ಮಾಡಿ ಸ್ವಸಹಾಯ ಸಂಘದ ಹೆಣ್ಮಕ್ಕಳ ರೊಟ್ಟಿಗೆ ಮಾರ್ಕೆಟ್ ಮಾಡಿಕೊಟ್ಟದ್ದು ಭಾಳ ಛಲೋ ಕೆಲಸ, ಅದೇ ಸಂಘದವರಿಗೆ ಪಬ್ಲಿಕ್ ಗಾರ್ಡನ್‌ನಾಗ ರವಿವಾರ ಒಂದು ಶೆಡ್, ನೀರು, ಹತ್ತಿಪ್ಪತ್ತು ಟೇಬಲ್ ಕೊಟ್ರ ಅವರೇ ನಡಸ್ತಾರ, ಪ್ಯಾಕೆಟ್‌ನಾಗಿನ ಖಡಕ್ ರೊಟ್ಟಿ ದೂರದ ಊರಿಗೆ ಹೋಗ್ಲಿ, ಬಿಸಿ ರೊಟ್ಟಿ ಊರಾಗಿನವರಿಗೆ ಸಿಗ್ಲಿ. ಮಹಾನಗರ ಪಾಲಿಕೆ ಇದನ್ನ ಒಂದು ಸೀಸನ್ ಮಾಡಿ ನೋಡ್ಬೇಕು ಅನ್ನೋದು ನನ್ನ ವಿನಂತಿ.

ಬ್ಯಾಸಿಗ್ಯಾಗ ಏನು ಅಂತ ಕೇಳ್ತಾರ. ಏಪ್ರಿಲ್ ಮೇ ತಿಂಗಳಾಗ ನಮ್ಮ ಬಿಸಲು 42, 43 ಡಿಗ್ರಿ ದಾಟ್ತದ, ಸರ್ಕಾರಿ ಆಫೀಸೇ ಮುಂಜಾನಿ ಎಂಟಕ್ಕ ಶುರು ಮಾಡಿ ಒಂದೂವರಿಗೆ ಮುಚ್ಚತಾರ. ಆ ಎರಡು ತಿಂಗಳು ನಾವೂ ಎಂಟಕ್ಕೇ ಕೂಡ್ತೀವಿ, ಹತ್ತಕ್ಕ ಏಳ್ತೀವಿ, ರೊಟ್ಟಿ ಬದ್ಲಿ ಅಂಬಲಿ ಮಜ್ಜಿಗಿ ಕೊಟ್ರ ಆತು.

ಯಾರಿಗರ ಇದು ಸಣ್ಣ ವಿಷಯ ಅನಿಸಬಹುದು. ರಸ್ತಿ ತಗ್ಗು ಬಿದ್ದಾವ, ನೀರು ಬರಂಗಿಲ್ಲ, ಅವನ್ನ ಬಿಟ್ಟು ಇದನ್ನ ಬರೀತಾಳ ಅಂತ. ಅವನ್ನೂ ಬರೀರಿ, ನಾನೂ ಬರೀತೀನಿ. ಆದ್ರ ಓದಿದ ಹುಡುಗ ಹುಡುಗಿಯರು ಈ ಊರು ಬಿಟ್ಟು ಹೋಗೋದು ಬರೇ ನೌಕರಿಗಲ್ಲ, ಇಲ್ಲಿ ನೌಕರಿ ಸಿಕ್ಕ ಮ್ಯಾಲೂ ಬದ್ಲಿ ಕೇಳಿ ಹೋಗ್ತಾರ, ಕೇಳಿದ್ರ ಇಲ್ಲಿ ಸಂಜಿ ಆದ್ರ, ಸುಟ್ಟಿ ಬಂದ್ರ ಏನು ಮಾಡ್ಬೇಕು ಅಂತಾರ. ನಮ್ಮ ಗುಂಪಿನ ಇಬ್ಬರು ಹಿಂಗೇ ಹೋದ್ರು. ಸೆಂಟ್ರಲ್ ಯೂನಿವರ್ಸಿಟಿಗೆ, ಇಎಸ್‌ಐ ಮೆಡಿಕಲ್ ಕಾಲೇಜಿಗೆ ಹೊರಗಿಂದ ಎಷ್ಟೋ ಮಂದಿ ಕಲೀಲಾಕ ಬರ್ತಾರ, ಅವರು ಮೂರು ನಾಕು ವರ್ಷ ಇಲ್ಲಿದ್ದು ಹಾಸ್ಟೆಲ್ ಮೆಸ್ ರುಚಿ ಅಷ್ಟೇ ನೋಡಿ ಹೋಗ್ತಾರ. ನನಗ ಅದು ಭಾಳ ಸಂಕಟ ಆಗ್ತದ.

ಯಾರರ ಖಾನಾವಳಿ ಮಾಲಕರು ಇದನ್ನ ಓದಿ ಒಂದು ರವಿವಾರ ಮಾಡಿ ನೋಡೋಣು ಅಂತ ಮನಸ್ಸು ಮಾಡಿದ್ರ ಪತ್ರಿಕೆ ಆಫೀಸಿಗೆ ತಿಳಸ್ರಿ, ಸಂಪಾದಕರು ನಮಗ ಹೇಳ್ಲಿ. ಶುಕ್ರವಾರಾನೇ ಎಷ್ಟು ಮಂದಿ ಅಂತ ಹೇಳಿ ಅರ್ಧ ರೊಕ್ಕ ಮೊದಲೇ ಕೊಡ್ತೀವಿ, ಹಿಂಗಾದ್ರ ಅಡಗಿ ಉಳೀತದ ಅನ್ನೋ ಚಿಂತಿ ಇರಂಗಿಲ್ಲ. ಎಸಿ ಬ್ಯಾಡ, ಮ್ಯೂಸಿಕ್ ಬ್ಯಾಡ. ಕಿಟಕಿ ಇರೋ ಹೊರಗಿನ ಹಾಲ್‌ನಾಗ ಟೇಬಲ್ ಕೊಡ್ರಿ, ಶೌಚಾಲಯದ ಚಿಲಕ ರಿಪೇರಿ ಮಾಡಸ್ರಿ, ಬಿಲ್ಲು ನಾವು ಕೇಳಿದ ಮ್ಯಾಲ ತರ್ರಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗಾರ್ತಿ,
ಕಲಬುರಗಿ